ಕೀರಲು ದನಿಯವನ ರಂಗಪ್ರವೇಶ

ಇವತ್ತು ಬೆಳಿಗ್ಗೆ ಫೋನ್ ಬಂತು. ಎತ್ತಿ "ಹಲೋ" ಎಂದೆ.

"ಮೇಡಂ, ನರಸಿಂಹಮೂರ್ತಿ ಸಾರ್ ಇದಾರಾ? ಕೊರಿಯರ್ ಇದೆ."

"ನಾನೇ ನರಸಿಂಹಮೂರ್ತಿ. ಗೇಟ್ ಹತ್ರ ಇಟ್ಟು ಹೋಗಿ."

"ಸಾರಿ ಮೇಡಂ… ಸಾರ್," ಎಂದು ಆತ ತಡವರಿಸಿದ. "ಪರವಾಗಿಲ್ಲ ಕಣಪ್ಪ," ಎಂದು ನಕ್ಕು ಫೋನ್ ಇಟ್ಟೆ.

ಹೀಗೆ ನಗುವುದನ್ನು ಕಲಿಯುವುದಕ್ಕೆ ನನಗೆ ನಲವತ್ತಾರು ವರ್ಷ ಬೇಕಾಯಿತು. ಅಲ್ಲಿಯವರೆಗೆ ಏನು ಮಾಡುತ್ತಿದ್ದೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. "ಮೇಡಂ, ಸಾರ್ ಇದಾರಾ?" ಎಂದು ಯಾರಾದರೂ ಕೇಳಿದರೆ, "ಇದಾರೆ, ಕರೀತೀನಿ ಇರಿ," ಎನ್ನುತ್ತಿದ್ದೆ. ಫೋನನ್ನು ಅಂಗೈಯಿಂದ ಮುಚ್ಚಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಗದ್ದವನ್ನು ಎದೆಗೆ ಒತ್ತಿಕೊಂಡು, ಬಾವಿಯೊಳಗಿನಿಂದ ಬಂದಂಥ ಒಂದು ದನಿ ತೆಗೆದು "ಹಲೋ, ಯಾರು?" ಎನ್ನುತ್ತಿದ್ದೆ. ಒಮ್ಮೆ ವಿಮೆಯ ಏಜೆಂಟರೊಬ್ಬರು ಇದನ್ನು ಕೇಳಿ, "ಸಾರ್, ನಿಮಗೆ ಗಂಟಲು ಕಟ್ಟಿದೆ ಅನ್ಸುತ್ತೆ, ಮೇಡಂಗೇ ಕೊಡಿ ಪರವಾಗಿಲ್ಲ," ಎಂದರು. ಕೊಟ್ಟೆ. ಅಂದರೆ, ಮತ್ತೆ ಹತ್ತು ಎಣಿಸಿ ನಾನೇ ಮಾತಾಡಿದೆ.

ಹೆಸರು ಬೇರೆ ನರಸಿಂಹ. ಮನೆದೇವರ ಹೆಸರೆಂದು ಅಜ್ಜಿ ಹಟಹಿಡಿದು ಇಟ್ಟದ್ದು. ಕಂಬ ಒಡೆದುಕೊಂಡು ಬಂದ ದೇವರ ಹೆಸರು ಹೊತ್ತ ಕೂಸಿಗೆ ಕಾಲ ಬಂದಾಗ ದನಿಯೇ ಒಡೆಯುವುದಿಲ್ಲವೆಂದು ಆಕೆಗೇನು ಗೊತ್ತು?

ನಮ್ಮಪ್ಪನ ದನಿ ಹೀಗಿರಲಿಲ್ಲ. ಹೆಗ್ಗನಹಳ್ಳಿಯಲ್ಲಿ ಇನ್ನೂ ಹೊಲಗಳಿದ್ದ ಕಾಲ ಅದು. ನಮ್ಮ ರಾಗಿ ಹೊಲದ ಬದುವಿನ ಮೇಲೆ ನಿಂತು ಅಪ್ಪ "ಏಯ್!" ಎಂದರೆ ದಾರಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವರು ತಮ್ಮನ್ನೇ ಕರೆದರೆಂದು ಬ್ರೇಕ್ ಹಿಡಿಯುತ್ತಿದ್ದರು. ಈಗ ಆ ಹೊಲದ ಮೇಲೆ ಮೂರಂತಸ್ತಿನ ಮನೆಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ. ಅಲ್ಲಿ ಯಾರಾದರೂ ಹಾಗೆ ಕೂಗಿದರೆ ಕಿಟಕಿಗಳೆಲ್ಲ ಒಟ್ಟಿಗೆ ತೆರೆದುಕೊಂಡಾವು.

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಜೊತೆಯವರ ದನಿಗಳೆಲ್ಲ ಒಂದೊಂದಾಗಿ ಒಡೆದು ದಪ್ಪಗಾದವು. ನನ್ನದು ಮಾತ್ರ ಇದ್ದಲ್ಲೇ ಇತ್ತು. ಅಜ್ಜಿ ಬಜೆ ತೇಯ್ದು ನೆಕ್ಕಿಸಿದಳು, ಮೆಣಸಿನ ಪುಡಿಗೆ ಜೇನು ಕಲಸಿ ನಾಲಿಗೆಗೆ ಹಚ್ಚಿದಳು. ಯಾರೋ ಹೇಳಿದರೆಂದು ನಾನು ದಿನವೂ ಸಂಜೆ ಹಿತ್ತಲಿನ ಖಾಲಿ ನೀರಿನ ತೊಟ್ಟಿಯೊಳಗೆ ತಲೆ ತೂರಿಸಿ ಕೂಗುತ್ತಿದ್ದೆ. ತೊಟ್ಟಿಯೊಳಗೆ ನನ್ನದು ಗಂಡಸಿನ ದನಿಯೇ. ಎಷ್ಟು ಚೆನ್ನಾಗಿತ್ತೆಂದರೆ ತಲೆ ಹೊರಗೆ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ತೆಗೆದರೆ ಮತ್ತೆ ಅದೇ ಕೀರಲು.

ಹತ್ತನೇ ಕ್ಲಾಸಿನ ಶಾಲಾ ವಾರ್ಷಿಕೋತ್ಸವದಲ್ಲಿ ನನಗೆ ಸೇನಾಪತಿಯ ಪಾತ್ರ ಸಿಕ್ಕಿತು. ಕಾರಣ ಇಷ್ಟೆ: ತರಗತಿಗೆಲ್ಲ ಎತ್ತರದವನು ನಾನು, ರಟ್ಟಿನ ಕವಚ ನನಗೊಬ್ಬನಿಗೇ ಸರಿಹೊಂದಿತ್ತು. ರಿಹರ್ಸಲ್ಲಿನಲ್ಲಿ ಮೇಷ್ಟ್ರು ಮಾತಿನ ಕಡೆ ಅಷ್ಟು ಗಮನ ಕೊಡಲಿಲ್ಲ. ಆ ದಿನ ಪರದೆ ಎದ್ದಿತು. ಮೀಸೆ ಅಂಟಿಸಿಕೊಂಡು, ಕತ್ತಿ ಹಿರಿದು, ಧಡಧಡನೆ ರಂಗದ ನಡುವೆ ಬಂದು "ಎಲವೋ ವೈರಿಗಳೇ, ನಿಲ್ಲಿ!" ಎಂದೆ. ವೈರಿಗಳು ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಇಡೀ ಶಾಮಿಯಾನ ನಕ್ಕಿತು. ಮುಖ್ಯ ಅತಿಥಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೂರನೇ ಸಾಲಿನಲ್ಲಿ ಕೂತಿದ್ದ ಅಪ್ಪ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಅಪ್ಪನೂ ನಕ್ಕಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ವರ್ಷ ಅನ್ನಿಸಿದೆ.

ಅಂದಿನಿಂದ ನಾನು ವೇದಿಕೆಯೆಂಬ ವಸ್ತುವಿಗೆ ಬೆನ್ನು ಹಾಕಿದೆ. ಓದಿ, ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾದೆ. 'ನಿಶ್ಶಬ್ದ' ಎಂದು ಬೋರ್ಡು ತೂಗುಹಾಕಿದ ಜಾಗ, ನನ್ನ ದನಿಗೆ ಹೇಳಿಮಾಡಿಸಿದ ನೌಕರಿ. ಮದುವೆ ಮನೆಗಳಲ್ಲಿ ತಲೆಯಾಡಿಸಿ, ಮೀಟಿಂಗುಗಳಲ್ಲಿ ಚೀಟಿ ಬರೆದು ಕೊಟ್ಟು, ಮಾತಾಡಲೇಬೇಕಾದಾಗ ಆ ಬಾವಿಯ ದನಿ ತೆಗೆದು ಕಾಲ ಹಾಕಿದೆ. ಬಾವಿಯ ದನಿಯಲ್ಲಿ ಹತ್ತು ನಿಮಿಷ ಮಾತಾಡಿದರೆ ಗಂಟಲು ಉರಿಯುತ್ತಿತ್ತು. ಹಾಗಾಗಿ ಒಂಬತ್ತಕ್ಕೇ ನಿಲ್ಲಿಸುತ್ತಿದ್ದೆ. ಮಿತಭಾಷಿ, ಗಂಭೀರ ಸ್ವಭಾವದವರು ಎಂಬ ಹೆಸರೂ ಬಂತು.

ಹೀಗಿರುವಾಗ ನನ್ನ ಮಗಳು ಚೈತ್ರಾಗೆ ನಾಟಕದ ಹುಚ್ಚು ಹಿಡಿಯಿತು. ನಮ್ಮ ಮನೆಯಿರುವ ವಿಜಯನಗರದಲ್ಲಿ ಒಂದು ಹವ್ಯಾಸಿ ತಂಡವಿದೆ. ಅವರ ತಾಲೀಮು ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ; ಮುಹೂರ್ತವಿಲ್ಲದ ಭಾನುವಾರಗಳಲ್ಲಿ ಅದರ ಮಾಲೀಕರು ಸುಮ್ಮನೆ ಬಿಟ್ಟುಕೊಡುತ್ತಾರೆ. ಹಿಂದಿನ ದಿನದ ಮದುವೆಯ ಸಾರಿನ ವಾಸನೆ, ಗೋಡೆಗೆ ಒರಗಿಸಿಟ್ಟ ಮಡಚುವ ಮೇಜುಗಳು, ಎಲ್ಲೋ ಒಂದೆರಡು ಬಾಳೆಎಲೆಯ ಚೂರು. ಅಲ್ಲಿಗೆ ಮಗಳನ್ನು ಸ್ಕೂಟರಿನಲ್ಲಿ ಬಿಟ್ಟು ಬರುವುದು ನನ್ನ ಭಾನುವಾರದ ಕೆಲಸ.

ಅವರಿಗೆ ಮಾತು ಕಲಿಸುತ್ತಿದ್ದವರು ಪದ್ಮಾವತಮ್ಮ. ಎಪ್ಪತ್ತು ದಾಟಿದವರು. ಹನ್ನೆರಡನೇ ವಯಸ್ಸಿಗೇ ನಾಟಕದ ಕಂಪನಿ ಸೇರಿ, ಊರೂರು ಟೆಂಟಿನಲ್ಲಿ ಆಡಿ, ಕಂಪನಿ ಮುಚ್ಚಿದ ಮೇಲೆ ತಂಗಿಯ ಮನೆಯೆಂದು ಮಹಾಲಕ್ಷ್ಮಿ ಲೇಔಟಿಗೆ ಬಂದು ಉಳಿದವರು. ಕುಳ್ಳಗೆ, ತೆಳ್ಳಗೆ, ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಎಲ್ಲರಿಗೂ ಅವರು ಅಮ್ಮ. ಅವರಿಗೆ ಎಲ್ಲರೂ 'ನೀನು'.

ಒಂದು ಭಾನುವಾರ ಚೈತ್ರಾ ನೀರಿನ ಬಾಟಲಿಯನ್ನು ಸ್ಕೂಟರಿನಲ್ಲೇ ಬಿಟ್ಟು ಒಳಗೆ ಓಡಿದಳು. ಬಾಗಿಲಲ್ಲಿ ನಿಂತು ನೋಡಿದರೆ ಅವಳು ಹಾಲಿನ ಆ ತುದಿಯಲ್ಲಿದ್ದಳು. ಮೈಮರೆತು, ಬಾವಿಯ ದನಿ ತೆಗೆಯುವುದನ್ನೂ ಮರೆತು, "ಚೈತ್ರಾ, ನೀರು ಬಿಟ್ಟಿದೀಯ ಕಣೇ!" ಎಂದೆ.

ಹಾಲಿನಲ್ಲಿದ್ದವರೆಲ್ಲ ತಿರುಗಿದರು. ಒಬ್ಬಿಬ್ಬರು ಕಿಸಕ್ಕೆಂದರು. ಬಾಟಲಿಯನ್ನು ಅಲ್ಲೇ ನೆಲದ ಮೇಲಿಟ್ಟು ಹಿಂದಿರುಗಲು ನೋಡಿದೆ.

"ಯಾರದು?" ಪದ್ಮಾವತಮ್ಮ ಕೇಳಿದರು. "ಈಗ ಕೂಗಿದ್ದು ಯಾರು? ಬಾ ಇಲ್ಲಿ."

ಹೋದೆ. ಗದ್ದ ಎದೆಗೊತ್ತಿಕೊಂಡು, "ನಾನು… ಚೈತ್ರಾ ತಂದೆ," ಎಂದೆ.

"ಈ ದನಿ ಅಲ್ಲ. ಆಗ ಬಂತಲ್ಲ, ಅದು."

"ಅದು… ನನ್ನ ದನಿ ಸ್ವಲ್ಪ ಹಾಗೇನೇ ಅಮ್ಮಾ. ಕ್ಷಮಿಸಿ."

"ಕ್ಷಮಿಸೋದೇನು ಬಂತು?" ಅವರು ಹುಡುಗರ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ಬಾಗಲಿಂದ ಇಲ್ಲೀಗಂಟ ಒಂದಕ್ಷರ ಬಿದ್ದುಹೋಗಿಲ್ಲ. ನೀವು ಮೂರು ತಿಂಗಳಿಂದ ಎದೆ ಒಡ್ಕೊಂಡು ಅರಚ್ತಾ ಇದೀರ, ನಾಕನೇ ಮೇಜು ದಾಟ್ತಿಲ್ಲ." ಮತ್ತೆ ನನಗೆ: "ಮುಂದಿನ್ ವಾರ ಆರೂವರೆಗೆ ಬಾ. ಬರೀ ಹೊಟ್ಟೇಲಿ ಬಾ."

ಆ ವಾರವೆಲ್ಲ ನಾನು ಹೋಗುವುದಿಲ್ಲವೆಂದೇ ಹೇಳಿಕೊಂಡಿದ್ದೆ. ಶನಿವಾರ ಸಂಜೆ ಚೈತ್ರಾ, "ಅಪ್ಪಾ, ನಿಮ್ ದನಿ ಬಗ್ಗೆ ಯಾರಾದ್ರೂ ಇಷ್ಟೊಳ್ಳೆ ಮಾತು ಹೇಳಿದಾರಾ ಇವತ್ತಿನವರೆಗೆ?" ಎಂದಳು. ಯೋಚಿಸಿದೆ. ಹೇಳಿರಲಿಲ್ಲ. ಹೋದೆ.

ಮೊದಲ ದಿನ ಅವರು ಹಾರ್ಮೋನಿಯಂ ಮುಂದೆ ಕೂರಿಸಿ, ಒಂದೊಂದೇ ಸ್ವರದ ಮನೆ ಒತ್ತುತ್ತ, "ಆ ಅನ್ನು," ಎಂದರು. ಕೆಳಗಿನ ಮನೆಗಳಲ್ಲಿ ನಾನು ಅಂದದ್ದು ಆ ಅಲ್ಲ, ಹಳೇ ಬಾಗಿಲಿನ ಸದ್ದು. ಮೇಲೇರುತ್ತ ಹೋದಂತೆ ಒಂದು ಕಡೆ ಗಂಟಲು ತಾನಾಗಿ ಸಡಿಲವಾಯಿತು, ದನಿ ಸಲೀಸಾಗಿ ಹೊರಬಂತು. ಅವರು ಅಲ್ಲೇ ಬೆರಳು ಒತ್ತಿ ಹಿಡಿದರು.

"ಇದು ನಿನ್ ಶ್ರುತಿ. ಇಲ್ಲಿ ಬಿಟ್ಟು ಇಷ್ಟ್ ವರ್ಷ ಕೆಳಗಡೆ ಎಲ್ಲಿ ಓಡಾಡ್ತಿದ್ದೆ?"

"ಗಂಡಸರ ದನಿ ಬರ್ಲಿ ಅಂತ…"

"ಬಂತಾ?"

"ಇಲ್ಲ."

"ಮತ್ತೆ ಬಿಡು."

ಇಷ್ಟೇ. ಮೂವತ್ತು ವರ್ಷ ನಾನು ಹೊತ್ತು ತಿರುಗಿದ್ದನ್ನು ಎರಡು ಮಾತಿನಲ್ಲಿ ಕೆಳಗಿಳಿಸಿದರು. ನನಗೆ ಸ್ವಲ್ಪ ಕೋಪವೂ ಬಂತು. ಇಷ್ಟು ಸುಲಭವಾಗಿದ್ದರೆ ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತೆ?

ಸುಲಭವಾಗಿರಲಿಲ್ಲ ಎಂದು ಮುಂದಿನ ವಾರದಿಂದ ಗೊತ್ತಾಯಿತು. ನೆಲದ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಅಡುಗೆಮನೆಯಿಂದ ತಂದ ಹಿತ್ತಾಳೆ ಚೊಂಬು ಇಡುತ್ತಿದ್ದರು. ಉಸಿರು ತೆಗೆದುಕೊಂಡರೆ ಚೊಂಬು ಏಳಬೇಕು, ಎದೆ ಅಲ್ಲಾಡಬಾರದು. ನನ್ನ ಹೊಟ್ಟೆ ಸಾಕಷ್ಟು ವಿಶಾಲವಾದ ಜಾಗವಾದ್ದರಿಂದ ಚೊಂಬು ಕೂರುವುದಕ್ಕೇನೂ ತೊಂದರೆಯಿರಲಿಲ್ಲ, ಏಳುವುದಕ್ಕೇ ಹಟ ಮಾಡುತ್ತಿತ್ತು. ಆಮೇಲೆ ಕಾಗುಣಿತ. ನಲವತ್ತಾರನೇ ವಯಸ್ಸಿನಲ್ಲಿ ನಾನು ಕ, ಕಾ, ಕಿ, ಕೀ ಎಂದು ಗೋಡೆಗೆ ಹೇಳಿದೆ. ಒಂದೊಂದು ಅಕ್ಷರವೂ ಗೋಡೆಗೆ ಹೋಗಿ ತಾಗಬೇಕು, ಆದರೆ ಕೂಗಬಾರದು. "ಕೂಗಿದ್ರೆ ದನಿ ನಿನ್ ಬಾಯ್ ಹತ್ರನೇ ಒಡೆದೋಗುತ್ತೆ. ಕಳಿಸು ಅದನ್ನ, ಎಸೀಬೇಡ," ಎನ್ನುತ್ತಿದ್ದರು.

ಮನೆಯಲ್ಲಿ ಅಭ್ಯಾಸಕ್ಕೆಂದು ತಾರಸಿ ಹತ್ತಿದೆ. ಬಟ್ಟೆ ಒಣಹಾಕುವ ತಂತಿಗಳ ನಡುವೆ ನಿಂತು "ಹ, ಹಾ, ಹಿ, ಹೀ" ಎನ್ನುತ್ತಿದ್ದಾಗ ಪಕ್ಕದ ಮನೆಯ ಆಂಟಿ ಹಪ್ಪಳದ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ಆಮೇಲೆ ಕೆಳಗೆ ನನ್ನ ಹೆಂಡತಿಯ ಹತ್ತಿರ, "ಸಾರ್‌ಗೆ ಮೈ ಮೇಲೆ ಏನಾದ್ರೂ ಬರ್ತಿದ್ಯೇನ್ರೀ?" ಎಂದು ಮೆಲ್ಲಗೆ ವಿಚಾರಿಸಿದರಂತೆ. "ಬರ್ತಿದೆ, ನಾಟಕ," ಎಂದಳಂತೆ ಇವಳು.

ದನಿಗಿಂತ ಕಷ್ಟವಾದದ್ದು ನಿಲ್ಲುವುದು. ನೀವು ಬೇಕಾದರೆ ಪ್ರಯತ್ನಿಸಿ ನೋಡಿ: ಹತ್ತು ಜನರೆದುರು ಐದು ನಿಮಿಷ ಏನೂ ಮಾಡದೆ ನಿಲ್ಲಿ. ಮೊದಲನೇ ನಿಮಿಷದಲ್ಲೇ ನನಗೆ ಕೈಗಳೆರಡು ಇವೆಯೆಂಬುದು ನೆನಪಾಯಿತು. ಒಂದು ಅಂಗಿಯ ಗುಂಡಿಗೆ ಹೋಯಿತು, ಇನ್ನೊಂದು ಕಿವಿಗೆ. ಕಾಲು ತನ್ನಷ್ಟಕ್ಕೆ ಮಡಿಚಿಕೊಂಡಿತು.

"ಏನ್ ಮಾಡ್ತಿದೀಯ?" ಎಂದರು ಪದ್ಮಾವತಮ್ಮ.

"ನಿಂತಿದೀನಿ."

"ಇಲ್ಲ. ಓಡೋಗ್ತಿದೀಯ. ಮೈ ಇಲ್ಲಿದೆ, ನೀನು ಆಗ್ಲೇ ಬಾಗಲು ದಾಟಿದೀಯ. ವಾಪಸ್ ಬಾ."

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಹತ್ತನೇ ಕ್ಲಾಸಿನ ಆ ಶಾಮಿಯಾನದಿಂದ ಓಡಲು ಶುರುಮಾಡಿದವನು ನಾನು ಇನ್ನೂ ನಿಂತಿರಲಿಲ್ಲ. ಆ ದಿನ ಅವರಿಗೆ ಸೇನಾಪತಿಯ ಕಥೆ ಹೇಳಿದೆ. ನಗುತ್ತಾರೆಂದುಕೊಂಡೆ. ನಗಲಿಲ್ಲ. "ನಗು ಬಂದಾಗ ನೀನೇನ್ ಮಾಡ್ದೆ?" ಎಂದು ಕೇಳಿದರು. "ಅದರ ಮೇಲೇ ಮುಂದಿನ ಮಾತು ಹೇಳಿ, ಬೇಗ ಬೇಗ ಮುಗಿಸಿ ಒಳಗೆ ಓಡಿದೆ," ಎಂದೆ. ಅವರು ತಲೆಯಾಡಿಸಿ, "ತಪ್ಪಾಗಿದ್ದು ಅಲ್ಲಿ. ದನೀಲಲ್ಲ," ಎಂದರು.

ಆ ವರ್ಷದ ನಾಟಕವನ್ನು ತಂಡದವರೇ ಬರೆದಿದ್ದರು. ಒಂದು ಸಣ್ಣ ರಾಜ್ಯ. ಸೇನಾಪತಿ, ಮಂತ್ರಿಗಳು, ಊರ ಜನ ಎಲ್ಲರೂ ಯುದ್ಧವಾಗಲಿ ಎನ್ನುತ್ತಾರೆ, ರಾಜನೊಬ್ಬ ಬೇಡವೆನ್ನುತ್ತಾನೆ. ರಾಜನ ಪಾತ್ರ ಗಿರೀಶನಿಗೆಂದು ಎಲ್ಲರೂ ತಿಳಿದಿದ್ದರು. ಗಿರೀಶ ಮೂವತ್ತರ ಯುವಕ, ಬಸವೇಶ್ವರನಗರದವನು. ಅವನು ಮಾತಾಡಿದರೆ ಮೇಜಿನ ಮೇಲಿನ ಲೋಟ ನಡುಗುವಂಥ ದನಿ. ಪಾತ್ರ ಹಂಚುವ ದಿನ ಪದ್ಮಾವತಮ್ಮ, "ಗಿರೀಶ ಸೇನಾಪತಿ. ನರಸಿಂಹ ರಾಜ," ಎಂದರು.

ನಾನು ಹಿಂದಕ್ಕೆ ತಿರುಗಿ ನೋಡಿದೆ, ಇನ್ನೊಬ್ಬ ನರಸಿಂಹ ಇದ್ದಾನೇನೋ ಎಂದು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ," ಎಂದ ಗಿರೀಶ. "ಸಾರ್ ಮೇಲೆ ನನಗೆ ಗೌರವ ಇದೆ. ಆದ್ರೆ ರಾಜ ಅಂದ್ರೆ ಒಂದು ಗತ್ತು ಇರ್ಬೇಕಲ್ವಾ? ಮೊದಲ್ನೇ ಮಾತಿಗೇ ಜನ ನಕ್ಬಿಡ್ತಾರೆ. ನಾಟಕ ಅಲ್ಲೇ ಮುಗಿದುಹೋಗುತ್ತೆ."

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಾನೇ ಹೇಳಬೇಕಾದ ಮಾತನ್ನು ಅವನು ಹೇಳಿದ್ದ. "ಗಿರೀಶ್ ಹೇಳೋದು ಸರಿ ಅಮ್ಮಾ," ಎಂದೆ.

"ಸುಮ್ನಿರು. ನಿನ್ನ ಯಾರು ಕೇಳಿದ್ರು?" ಎಂದರು. ಆಮೇಲೆ ಗಿರೀಶನಿಗೆ, "ಯುದ್ಧ ಮಾಡೋಣ ಅನ್ನೋಕೆ ದಪ್ಪ ದನಿ ಸಾಕು ಕಣೋ. ಎಲ್ಲಾರೂ ಬೇಕು ಅಂತಿರೋವಾಗ ಒಬ್ನೇ ನಿಂತು ಬೇಡ ಅನ್ನೋನ ದನಿ ಹೆಂಗಿರುತ್ತೆ? ಹಿಂಗೇ ಇರುತ್ತೆ. ಜನ ನಗ್ತಾರೆ, ನಗ್ಲಿ. ಮೊದಲ್ನೇ ನಗು ಅವರ್ದು. ಅದಾದ್ಮೇಲಿನ ಮಾತು ಇವನ್ದು."

ಪ್ರದರ್ಶನ ರಾಜಾಜಿನಗರದ ಒಂದು ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ ಮೂರೂವರೆಗೆ. ಬಣ್ಣ ಹಚ್ಚಿಕೊಂಡು, ಕಿರೀಟ ಇಟ್ಟುಕೊಂಡು ರಂಗದ ಪಕ್ಕದಲ್ಲಿ ನಿಂತು ಪರದೆಯ ಸಂದಿಯಿಂದ ಇಣುಕಿದೆ. ಪಕ್ಕದ ಮನೆಯ ಆಂಟಿ, ನನ್ನ ಕಾಲೇಜಿನ ಅಧ್ಯಾಪಕರು, ಹೆಂಡತಿಯ ತವರಿನವರು ಎಲ್ಲರೂ ಬಂದು ಕೂತಿದ್ದರು. ಊರ ಹೆಂಗಸಿನ ಪಾತ್ರದಲ್ಲಿದ್ದ ಚೈತ್ರಾ ನನ್ನ ಕೈ ಹಿಡಿದು, "ಅಪ್ಪಾ, ಉಸಿರು," ಎಂದಳು. ಉಸಿರಾಟವನ್ನೇ ಮರೆತಿದ್ದೆ.

ರಂಗದ ಮೇಲೆ ಗಿರೀಶ ಯುದ್ಧಕ್ಕೆ ಕರೆ ಕೊಡುತ್ತಿದ್ದ. ಅದ್ಭುತವಾಗಿ ಕೊಡುತ್ತಿದ್ದ. ಸಭಾಂಗಣದ ಕುರ್ಚಿಗಳೇ ಎದ್ದು ಯುದ್ಧಕ್ಕೆ ಹೊರಡುವಂತಿದ್ದವು. ಊರ ಜನ ಜಯಕಾರ ಹಾಕಿದರು. ನಗಾರಿ ನಿಂತಿತು. ನಾನು ನಡೆದು ಹೋಗಿ, ರಂಗದ ನಡುವೆ ನಿಂತು, ನನ್ನ ಶ್ರುತಿಯಲ್ಲಿ ಹೇಳಿದೆ.

"ಯುದ್ಧ ಬೇಡ."

ನಗು ಬಂತು. ಮೊದಲು ಎಡಗಡೆಯ ಮೂಲೆಯಿಂದ, ಆಮೇಲೆ ನಡುವಿನಿಂದ, ಆಮೇಲೆ ಎಲ್ಲ ಕಡೆಯಿಂದ. ಮೂವತ್ತು ವರ್ಷದ ಹಿಂದಿನದೇ ನಗು, ಒಂದಿಷ್ಟೂ ಬದಲಾಗಿರಲಿಲ್ಲ. ನನ್ನ ಹಿಮ್ಮಡಿ ಮೇಲೆದ್ದಿತು. ಓಡುವುದಕ್ಕೆ ಮೈ ಸಿದ್ಧವಾಗಿತ್ತು.

ಹಿಮ್ಮಡಿ ಕೆಳಗಿಟ್ಟೆ. ಉಸಿರನ್ನು ಹೊಟ್ಟೆಗೆ ಇಳಿಸಿದೆ. ಕೈಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ನಿಂತಿದ್ದ ಯಾರನ್ನೋ ನೋಡುತ್ತ ನಿಂತೆ. ಸುಮ್ಮನೆ ನಿಂತೆ. ನಗುವವರು ನನ್ನನ್ನು ನೋಡಿದರು. ನಾನು ಇನ್ನೂ ಅಲ್ಲೇ ಇದ್ದೆ. ನಗು ಸ್ವಲ್ಪ ತಗ್ಗಿತು. ಯಾರೋ ಮತ್ತೆ ಶುರುಮಾಡಿದರು, ಜೊತೆಗೆ ಯಾರೂ ಸೇರದೆ ಅವರೇ ನಿಲ್ಲಿಸಿದರು. ಒಂದು ಕೆಮ್ಮು. ಒಂದು ಕುರ್ಚಿಯ ಸದ್ದು. ಅದೂ ನಿಂತಿತು. ಆಮೇಲೆ ಸಭಾಂಗಣದಲ್ಲಿ ಏನೂ ಇರಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುವ ಸದ್ದು ಬಿಟ್ಟು.

"ಬೇಡ ಎಂದೆ."

ಅದು ನಾಟಕದಲ್ಲಿದ್ದ ಮುಂದಿನ ಮಾತೇ, ನಾನೇನೂ ಸೇರಿಸಲಿಲ್ಲ. ಜೋರಾಗಿಯೂ ಹೇಳಲಿಲ್ಲ. ಕಳಿಸಿದೆ, ಅಷ್ಟೆ. ಅದು ಹೋಗಿ ಬಾಗಿಲ ಪಕ್ಕದವರನ್ನು ತಾಗಿದ್ದು ನನಗೆ ಇಲ್ಲಿಂದಲೇ ತಿಳಿಯಿತು. ಗೋಡೆಗೆ ಒರಗಿದ್ದವರು ನೆಟ್ಟಗೆ ನಿಂತರು. ಎದುರಿಗಿದ್ದ ಗಿರೀಶನ ಕಣ್ಣುಗಳಲ್ಲಿ ಸೇನಾಪತಿಯ ಅಭಿನಯ ಒಂದು ಗಳಿಗೆ ಮಾಯವಾಗಿ, ಬರೀ ಗಿರೀಶನ ಆಶ್ಚರ್ಯ ಉಳಿದಿತ್ತು.

ಆಮೇಲಿನ ಒಂದೂವರೆ ಗಂಟೆ ನನಗೆ ಸರಿಯಾಗಿ ನೆನಪಿಲ್ಲ. ಯಾರೂ ನಗಲಿಲ್ಲವೆಂದಲ್ಲ, ಎರಡು ಕಡೆ ನಗಬೇಕಾದ ಮಾತುಗಳಿದ್ದವು, ಅಲ್ಲಿ ನಕ್ಕರು, ನಾನು ಕಾದೆ, ಮುಂದುವರಿಸಿದೆ. ಕೊನೆಯ ದೃಶ್ಯದಲ್ಲಿ ರಾಜ ಒಬ್ಬನೇ ಶತ್ರುವಿನ ಪಾಳೆಯದತ್ತ ಹೊರಡುವಾಗ ಹೇಳುವ ಮಾತು ಉದ್ದವಾದದ್ದು. ಅದನ್ನು ಹೇಳುವಾಗ ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕನ್ನಡಕ ತೆಗೆದು ಒರೆಸಿಕೊಂಡ ಆ ಮುಖ್ಯ ಅತಿಥಿ ನೆನಪಾದರು. ಇವರದು ಬೇರೆಯ ಕಣ್ಣೀರು.

ಪರದೆ ಬಿದ್ದು ಮತ್ತೆ ಎದ್ದಿತು. ಚಪ್ಪಾಳೆ ಶುರುವಾಯಿತು, ಮುಗಿಯಲಿಲ್ಲ. ಜನ ಎದ್ದು ನಿಂತರು. ಎಲ್ಲವನ್ನೂ ಕಲಿಸಿದ್ದ ಪದ್ಮಾವತಮ್ಮ ಚಪ್ಪಾಳೆ ಬಂದರೆ ಏನು ಮಾಡಬೇಕೆಂದು ಮಾತ್ರ ಕಲಿಸಿರಲಿಲ್ಲ. ಗೊತ್ತಿದ್ದದ್ದು ನಿಲ್ಲುವುದೊಂದೇ, ನಿಂತೇ ಇದ್ದೆ. "ಸಾರ್, ಕೈ ಮುಗೀರಿ," ಎಂದು ಗಿರೀಶ ಪಿಸುಗುಟ್ಟಿದ. ಮುಗಿದೆ. ಅವನು ನನ್ನ ಕಡೆ ತಿರುಗಿ ತಾನೂ ಕೈ ಮುಗಿದ, ಜನರಿಗಲ್ಲ, ನನಗೆ. "ಆ ಸುಮ್ನೆ ನಿಂತ್ರಲ್ಲ ಸಾರ್, ಅದನ್ನ ನನಗೂ ಹೇಳ್ಕೊಡ್ಬೇಕು," ಎಂದ.

ರಂಗದಿಂದ ಇಳಿದು ಬಂದಾಗ ಪದ್ಮಾವತಮ್ಮ ಕಿರಿದಾದ ಆ ದಾರಿಯಲ್ಲಿ ನಿಂತಿದ್ದರು. ಎರಡನೇ ದೃಶ್ಯದಲ್ಲಿ ಒಂದು 'ಷ' ನಾಲಿಗೆಯಿಂದ ಜಾರಿತ್ತು. ಅದಕ್ಕೆ ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಗೋಡೆಗೆ ಸರಿದು ದಾರಿ ಬಿಟ್ಟು, ಕೈ ಮುಗಿದು, ಟೆಂಟಿನ ಕೊನೆಯ ಬೆಂಚಿಗೂ ಕೇಳುತ್ತಿದ್ದ ತಮ್ಮ ಆ ಹಳೆಯ ದನಿಯಲ್ಲಿ, "ದಯಮಾಡಿಸಬೇಕು ಮಹಾಸ್ವಾಮಿ," ಎಂದರು. ಅಕ್ಕಪಕ್ಕದಲ್ಲಿದ್ದ ಹುಡುಗ ಹುಡುಗಿಯರೆಲ್ಲ ತಟ್ಟನೆ ಎರಡು ಬದಿಗೆ ಸರಿದು ನಿಂತರು. ಯಾರಿಗೂ 'ನೀವು' ಎನ್ನದ ಬಾಯಿ ಅದು. ನಾನು ಬಗ್ಗಿ ಕಾಲು ಮುಟ್ಟಲು ಹೋದರೆ, "ಏಯ್, ಕಿರೀಟ ಬೀಳುತ್ತೆ," ಎಂದು ತಡೆದರು. "'ಷ' ಕೆಟ್ಟಿತು. ಭಾನುವಾರ ಬಾ." ಕಣ್ಣುಗಳು ಮಾತ್ರ ಒದ್ದೆಯಾಗಿದ್ದವು, ನನ್ನವೂ ಅವರವೂ.

ಬಣ್ಣ ತೆಗೆಯಲು ನನಗೆ ಮನಸ್ಸೇ ಬರಲಿಲ್ಲ. ಕಿರೀಟ ಬಾಡಿಗೆಯದಾದ್ದರಿಂದ ಅಲ್ಲೇ ಕೊಟ್ಟು, ಉಳಿದದ್ದನ್ನೆಲ್ಲ ಮುಖದ ಮೇಲೆ ಹಾಗೇ ಇಟ್ಟುಕೊಂಡು ಸಭಾಂಗಣದ ಹೊರಗೆ ಬಂದೆ. "ನೀವ್ ಹಿಂದೆ ಕೂತ್ಕೊಳ್ಳಿ ಅಪ್ಪಾ, ಇವತ್ತು ನಾನ್ ಓಡಿಸ್ತೀನಿ," ಎಂದಳು ಚೈತ್ರಾ. ಇನ್ನೂ ಬಿಸಿಲಿತ್ತು. ಕಾರ್ಡ್ ರೋಡಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಿತು. ಸುತ್ತ ಬಸ್ಸು, ಕಾರು, ಬೈಕು. ಕೆನ್ನೆಗೆ ಕೆಂಪು, ಹಣೆಗೆ ಉದ್ದನೆಯ ನಾಮ, ಕಿವಿಯವರೆಗೆ ತಿರುವಿದ ಮೀಸೆ ಬರೆದುಕೊಂಡು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ ನನ್ನನ್ನು ಪಕ್ಕದ ಆಟೋದ ಚಾಲಕ ಮೇಲಿಂದ ಕೆಳಗೆ ನೋಡಿದ. ಆಟೋದಿಂದ ತಲೆ ಹೊರಗೆ ಹಾಕಿ, ಎಲ್ಲರಿಗೂ ಕೇಳುವಂತೆ ಕೂಗಿದ:

"ಏನ್ ಮಹಾರಾಜ್ರೇ, ಎಲ್ಲಿಗೆ ಸವಾರಿ?"

ಸುತ್ತಲಿದ್ದವರೆಲ್ಲ ತಿರುಗಿದರು. ನಾನು ಅವಸರ ಮಾಡಲಿಲ್ಲ. ಹೊಟ್ಟೆ ತುಂಬ ಉಸಿರೆಳೆದುಕೊಂಡು, ನನ್ನದೇ ಶ್ರುತಿಯಲ್ಲಿ, ಆ ಹಾರ್ನುಗಳ ಮೇಲಿಂದ, ಸಿಗ್ನಲ್ಲಿನ ಆ ಬದಿಯವರೆಗೂ ಕೇಳುವಂತೆ ಹೇಳಿದೆ:

"ವಿಜಯನಗರಕ್ಕೆ!"